ಗಾಯರಾಣದ ಕ್ಯಾಸೆಟ್

ಅಡುಗೆಮನೆಯ ಕಡೆಯಿಂದ ‘ಕಟ್’ ಎಂದು ಸಣ್ಣ ಸದ್ದಾಯಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ. ಭೂಮಿಕಾ ಕತ್ತಲಲ್ಲೇ ಕಣ್ಣು ಬಿಟ್ಟಳು.

ಹೀಟರು ತಣ್ಣಗಾಗುವಾಗ ಬರುವ ಸದ್ದು ಅದಲ್ಲ. ಕೆಳಗಿನ ಮನೆಯ ಫ್ರಾವ್ ಲಿಂಡ್ನರ್ ರಾತ್ರಿ ಎದ್ದು ನಲ್ಲಿ ತಿರುಗಿಸುವ ಸದ್ದೂ ಅಲ್ಲ. ಜರ್ಮನಿಯ ರೇಗನ್ಸ್‌ಬರ್ಗಿಗೆ ಬಂದು ಮೂರನೆಯ ಚಳಿಗಾಲ ಶುರುವಾಗುವ ಹೊತ್ತಿಗೆ ಅವಳಿಗೆ ಈ ಕಟ್ಟಡದ ಸದ್ದುಗಳೆಲ್ಲ ಬಾಯಿಪಾಠವಾಗಿದ್ದವು. ಹೌಸ್‌ಓರ್ಡ್ನುಂಗ್ ಎಂದು ಇಲ್ಲಿಯವರು ಕರೆಯುವ ಕಟ್ಟಡದ ನಿಯಮಗಳ ಹಾಳೆಯನ್ನು ಗಂಡ ಬಸವಪ್ರಸಾದ ಒಮ್ಮೆ ಓದಿ ಮರೆತಿದ್ದ. ಅವಳು ನಿಘಂಟು ಹಿಡಿದು ಓದಿದ್ದಳು. ಅಂದಿನಿಂದ ರಾತ್ರಿ ಮಿಕ್ಸಿ ಹಾಕುತ್ತಿರಲಿಲ್ಲ, ಭಾನುವಾರ ರೊಟ್ಟಿ ಬಡಿಯುತ್ತಿರಲಿಲ್ಲ.

ಎದ್ದು ಹೋಗಿ ನೋಡಿದರೆ ಅಡುಗೆಮನೆಯ ದೀಪದ ಕೆಳಗೆ ಹನುಮಂತರಾಯ ಕಾಕಾ ಕೂತಿದ್ದರು. ತಲೆಗೆ ಮಂಕಿ ಟೋಪಿ, ಮೈಮೇಲೆ ಶಾಲು, ಕೈಯಲ್ಲಿ ಅಡಕೊತ್ತು. ಮುಂದಿನ ತಟ್ಟೆಯಲ್ಲಿ ಅಡಿಕೆ ಚೂರು.

“ನಿದ್ದಿ ಹತ್ತಲಿಲ್ಲವ್ವಾ. ಊರಾಗ ಈಗ ಬೆಳಕ ಹರದಿರತೈತಿ. ದನ ಬಿಡೂ ಹೊತ್ತು” ಎಂದರು.

“ಸಾವಕಾಶ ಕತ್ತರಸ್ರಿ ಕಾಕಾ. ಕೆಳಗಿನ ಮನಿಯಾಕಿಗೆ ಕೇಳಸತೈತಿ.”

“ಅಡಕಿ ಕತ್ತರಸೂದು ಕೇಳಸತೈತಿ? ಅಕಿ ಹೆಣ್ಣಮಗಳೋ, ಪೊಲೀಸ್ ನಾಯೋ?”

ಭೂಮಿಕಾ ನಗು ತಡೆದುಕೊಂಡು ಹಾಲು ಬಿಸಿಗಿಟ್ಟಳು. ಕಾಕಾ ರಕ್ತಸಂಬಂಧಿಯಲ್ಲ, ಬಸವಪ್ರಸಾದನ ಊರು ಕೆಂಚನಹಾಳದ ದೊಡ್ಡ ಮನುಷ್ಯ. ಊರಿನ ಹೈಸ್ಕೂಲು ನಡೆಸುವ ಶಿಕ್ಷಣ ಸಂಸ್ಥೆಗೆ ಚೇರ್ಮನ್, ಸಕ್ಕರೆ ಕಾರ್ಖಾನೆಗೆ ನಿರ್ದೇಶಕ. ಕಾರ್ಖಾನೆಯವರ ತಂಡವೊಂದು ಯಂತ್ರ ನೋಡಲು ಜರ್ಮನಿಗೆ ಬಂದಿತ್ತು. ಉಳಿದವರು ಮ್ಯೂನಿಕ್ಕಿನ ಹೋಟೆಲಿನಲ್ಲಿ ಬ್ರೆಡ್ಡು ತಿನ್ನುತ್ತಿರುವಾಗ ಕಾಕಾ ಒಬ್ಬರೇ ತಪ್ಪಿಸಿಕೊಂಡು ಇವರ ಮನೆಗೆ ಬಂದಿದ್ದರು. ಬಸವಪ್ರಸಾದನಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಾಗ ಅವನ ಟ್ರಂಕು ಹೊತ್ತು ಬೆಂಗಳೂರಿನ ತನಕ ಹೋದವರು ಇವರೇ. ಮದುವೆಯಾದ ಹೊಸದರಲ್ಲಿ ಆ ಕತೆಯನ್ನು ಗಂಡ ಅವಳಿಗೆ ಎಷ್ಟು ಸಲ ಹೇಳಿದ್ದನೋ.

ಹಾಲಿನ ಲೋಟ ಮುಂದಿಟ್ಟಾಗ ಕಾಕಾ ಚೀಲದಿಂದ ಕರಿಯ ಡಬ್ಬಿಯೊಂದನ್ನು ತೆಗೆದರು. ಅದರೊಳಗೆ ಹ್ಯಾಂಡಿಕ್ಯಾಮ್. ಲೆನ್ಸೊಂದನ್ನು ಬಿಟ್ಟು ಅದರ ಮೋರೆಯ ತುಂಬ ಅರಿಶಿನ ಕುಂಕುಮ ಮೆತ್ತಿತ್ತು.

“ಖಂಡೇನವಮಿಗೆ ಪೂಜಿ ಮಾಡೀವಿ. ಸಂಸ್ಥಾಕ್ಕಂತ ಹೊಸದಾಗಿ ತಗೊಂಡದ್ದು. ಬೆಳಗಾದಮ್ಯಾಲ ಇದರಾಗ ಬಸ್ಯಾನ ಮಾತ ಹಿಡೀಬೇಕು. ಅದಕ್ಕಂತ ಬಂದೀನಿ ನಾ. ಯಂತ್ರಾ ನೋಡಾಕಲ್ಲ.”

“ಏನ ಮಾತರೀ?”

ಕಾಕಾ ಅಡಿಕೆ ಚೂರು ಬಾಯಿಗೆ ಹಾಕಿಕೊಂಡು ಹೇಳಿದರು. ಊರಲ್ಲಿ ಇಂಜಿನಿಯರಿಂಗ್ ಕಾಲೇಜು ಕಟ್ಟಬೇಕೆಂದಿದ್ದಾರೆ. ಜಾಗಕ್ಕೆ ಗಾಯರಾಣ ಬೇಕು, ಊರ ದನಗಳೆಲ್ಲ ಮೇಯುವ ಹುಲ್ಲುಗಾವಲು. ಅದನ್ನು ಕೊಡಲು ಗ್ರಾಮಸಭೆ ಒಪ್ಪಬೇಕು. ಅವರು ಊರು ಮುಟ್ಟಿದ ಮರುದಿನವೇ ಸಭೆ. ಹನುಮಪ್ಪನ ಗುಡಿಯ ಮುಂದೆ ಟಿ.ವಿ. ಇಟ್ಟು ಜರ್ಮನಿಯಲ್ಲಿರುವ ಬಸವಪ್ರಸಾದನ ಮಾತು ತೋರಿಸಿದರೆ ಊರು ಒಪ್ಪುತ್ತದೆ.

“ಇಲ್ಲಾಂದ್ರ?”

“ಇಲ್ಲಾಂದ್ರ ನಿನ್ನ ನಾದಿನಿ ಅದಾಳಲ್ಲ, ಸಿದ್ದಕ್ಕ. ಅಕಿ ಎದ್ದ ನಿಂದರತಾಳ.” ಕಾಕಾ ಸಿಟ್ಟಿನಿಂದ ಹೇಳಲಿಲ್ಲ, ಮಳೆ ಬರುತ್ತದೆ ಎಂದಂತೆ ಹೇಳಿದರು.

ಭೂಮಿಕಾ ಹಾಸಿಗೆಗೆ ಮರಳಿದ ಮೇಲೂ ನಿದ್ದೆ ಮಾಡಲಿಲ್ಲ. ಸಿದ್ದಕ್ಕ ಬಸವಪ್ರಸಾದನ ಒಬ್ಬಳೇ ಅಕ್ಕ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ನಿಂತು, ಊರ ಹೆಂಗಸರನ್ನು ಸೇರಿಸಿ ಹಾಲಿನ ಡೇರಿ ಕಟ್ಟಿದವಳು. ಆ ಡೇರಿಯ ಎಮ್ಮೆಗಳೆಲ್ಲ ಮೇಯುವುದು ಗಾಯರಾಣದಲ್ಲೇ.

ಬೆಳಗ್ಗೆ ತಿಂಡಿಯ ಹೊತ್ತಿಗೆ ಬಸವಪ್ರಸಾದನಿಗೂ ವಿಷಯ ಗೊತ್ತಾಯಿತು. ಅವನು ಚಪಾತಿ ಮುರಿಯುತ್ತ ಎಲ್ಲ ಕೇಳಿಸಿಕೊಂಡ. ಆಮೇಲೆ ಮೆಲ್ಲಗೆ, “ಅಕ್ಕ ಏನಂತಾಳ್ರಿ ಕಾಕಾ?” ಎಂದ.

“ಅಕ್ಕ ಏನಂತಾಳಂತ ಕೇಳಾಕ ನಾ ವಿಮಾನಾ ಹತ್ತಿ ಬರಬೇಕಾಗಿತ್ತೇನೋ? ನನ್ನ ಮನಿ ಗೋಡಿ ಆಚೀಕ ಅದಾಳ. ನೀ ಏನಂತಿ, ಅದನ್ನ ಹೇಳು.”

“ಕಾಲೇಜ ಛಲೋನ ಅಲ್ರಿ.”

“ಅಷ್ಟ ಹೇಳು ಸಾಕು. ನಾ ಹೇಳಿದ್ರ ಹನುಮಂತರಾಯ ತನ್ನ ಹೊಟ್ಟಿ ತುಂಬಸಕೊಳ್ಳಾಕ ಹೇಳತಾನ ಅಂತಾರ. ನೀ ಹೇಳಿದ್ರ, ನೋಡ್ರೋ, ಜರ್ಮನ್ಯಾಗ ಕುಂತಾಂವ ಹೇಳತಾನ ಅಂತಾರ. ನಿನ್ನ ಮಾರಿ ನೋಡಿದ್ರ ಸಾಕು, ಮನಿಮನೀ ತಾಯಂದಿರು ಕೈ ಎತ್ತತಾರ.”

ಬಸವಪ್ರಸಾದ ಹೆಂಡತಿಯ ಕಡೆ ನೋಡಿದ. ಅವಳು ಚಹಾ ಸೋಸುವುದರಲ್ಲಿದ್ದಳು. ಅವನು ಇಲ್ಲವೆನ್ನಲಾರ ಎಂದು ಅವಳಿಗೆ ಆಗಲೇ ತಿಳಿದಿತ್ತು. ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಸಾಫ್ಟ್‌ವೇರ್ ಬರೆಯುವ ಅವನು ಮೀಟಿಂಗಿನಲ್ಲಿ ಜರ್ಮನ್ ಮ್ಯಾನೇಜರಿಗೆ ಧೈರ್ಯವಾಗಿ ‘ನೈನ್’, ಆಗದು, ಎನ್ನುತ್ತಾನಂತೆ. ಕಾಕಾನ ಮುಂದೆ ಮಾತ್ರ ಟ್ರಂಕಿನ ಹಿಂದೆ ನಡೆದುಹೋಗುವ ಹುಡುಗನೇ.

ಇಬ್ಬರೂ ಮಾತು ಬರೆಯಲು ಹಾಳೆ ಪೆನ್ನು ಹಿಡಿದು ಕೂತಾಗ ಭೂಮಿಕಾ ಮಲಗುವ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಊರಿಗೆ ಫೋನು ಹಚ್ಚಿದಳು. ಕಾಲಿಂಗ್ ಕಾರ್ಡಿನ ಉದ್ದದ ನಂಬರು ಒತ್ತಿ, ಅತ್ತಲಿನ ಗಂಟೆಗಾಗಿ ಕಾದಳು.

“ಅಕ್ಕಾರ, ನಾನ್ರಿ ಭೂಮಿ.”

“ಏನವ್ವಾ, ಕಾಕಾ ಮುಟ್ಟಿದನೇನು? ಹೊಟ್ಟಿ ತುಂಬ ಊಟಕ್ಕ ಹಾಕು. ಅಂವಗ ಸಕ್ರಿ ಐತಿ, ಸಿಹಿ ಕೊಡಬ್ಯಾಡ.”

“ಅವರು ಯಾಕ ಬಂದಾರಂತ...”

“ಗೊತ್ತೈತಿ ತಗೋ. ಊರಾಗೆಲ್ಲಾ ಡಂಗುರಾ ಸಾರಿ ಹೋಗ್ಯಾನ, ಬಸ್ಯಾನ ಮಾತ ತರತೇನಿ ಅಂತ.” ಹಿಂದೆ ಎಲ್ಲೋ ಎಮ್ಮೆ ಕೂಗಿತು. ಸಿದ್ದಕ್ಕ ಅದಕ್ಕೆ ‘ಹೋ’ ಎಂದು ಮಾತು ಮುಂದುವರಿಸಿದಳು. “ನಾ ಕಾಲೇಜ ಬ್ಯಾಡ ಅಂದಿಲ್ಲ ಭೂಮಿ. ಹಳ್ಳದ ಆಚೀಕಿನ ಕಲ್ಲ ಜಮೀನದಾಗ ಕಟ್ಟ ಅಂದೇನಿ. ಅಲ್ಲೆ ಕಟ್ಟಿದ್ರ ರಸ್ತಾದಿಂದ ಕಾಣಸೂದಿಲ್ಲಂತ. ಕಾಲೇಜ ಕಾಣಸಬೇಕಂತ, ದನ ಎಲ್ಲೆರ ಹೋಗಲೆಂತ.”

“ಇವರಿಗೆ ನಾನು ಹೇಳ್ಲೇನ್ರಿ? ಬ್ಯಾಡಂತ?”

ಅತ್ತ ಸಿದ್ದಕ್ಕ ಎಮ್ಮೆಗೆ ಮತ್ತೊಮ್ಮೆ ‘ಹೋ’ ಎಂದಳು.

“ಬ್ಯಾಡ. ತಮ್ಮನ ಬಾಯಿ ಕಟ್ಟಿ ಗೆದ್ದೆ ಅಂತ ಆಗಬಾರದು ನಂದು. ಆದರ ಒಂದ ಮಾತ ಹೇಳತೇನಿ ಕೇಳು. ಹ್ವಾದ ವರ್ಷ ಅಂವ ನಮ್ಮ ಮನಿಗೆ ಬೋರ್ ಹಾಕಿಸಿದ. ರವಿಶಂಕರ ಪುಣೆದಿಂದ ಅವರಪ್ಪಗ ಹಾಕಿಸಿದ. ಶಿವಲಿಂಗಯ್ಯನ ಮಗಾ ದುಬೈದಿಂದ ಹಾಕಿಸಿದ. ಭಾಳ ಛಲೋ ಆತು. ಈಗ ಊರ ನಳ ಕೆಟ್ಟ ನಿಂತೈತಿ, ಕೇಳಾಕ ಒಬ್ಬರಿಲ್ಲ. ಕೂಗ್ಯಾಡೋ ಮನಿಗೆಲ್ಲಾ ಮನ್ಯಾಗ ನೀರ ಬಂತು. ಬೋರ್ ಇಲ್ಲದವರಿಗೆ ಕೂಗಾಕ ದನೀ ಇಲ್ಲ. ನೀ ಓದಿದಾಕಿ, ಇದಕ್ಕೇನಂತಾರ ಹೇಳು.”

ಭೂಮಿಕಾ ಧಾರವಾಡದಲ್ಲಿ ರಾಜ್ಯಶಾಸ್ತ್ರ ಓದಿದವಳು. ಒಂದು ವರ್ಷ ಪಾಠವನ್ನೂ ಹೇಳಿದ್ದಳು. ಆ ಪಾಠದಲ್ಲಿ ಇದಕ್ಕೊಂದು ಹೆಸರಿರಲಿಲ್ಲ.

“ಬಸ್ಯಾಗ ಹೇಳು, ಬಂದು ಗಾಯರಾಣದಾಗ ನಿಂತು ಮಾತಾಡಂತ. ಕಾಲೇಜ ಆಗಲೆಂತ ಇಲ್ಲೆ ನಿಂತು ಹೇಳಿದರ ನಾನ ಮೊದಲ ಕೈ ಎತ್ತತೇನಿ. ಟಿ.ವಿ.ಯಾಗಿನ ಮಾರಿಗೆ ನಾ ಏನಂತ ಮಾರುತ್ತರ ಕೊಡ್ಲಿ? ಅದಕ್ಕ ಕಿವಿ ಇರೂದಿಲ್ಲ.”

ಅಷ್ಟರಲ್ಲಿ ಕಾರ್ಡು ಮುಗಿಯುತ್ತ ಬಂದ ಎಚ್ಚರಿಕೆಯ ಸದ್ದು ನಡುವೆ ಬಂತು. ಸಿದ್ದಕ್ಕ ಅವಸರದಿಂದ, “ಹುಷಾರವ್ವಾ, ಕಾಕಾಗ ಸಿಹಿ ಕೊಡಬ್ಯಾಡ” ಎಂದಳು.

ಮಧ್ಯಾಹ್ನ ಮೂವರೂ ಕಲ್ಲು ಸೇತುವೆಗೆ ಹೋದರು. ಹಿಂದೆ ಡೋನಾವ್ ಹೊಳೆ ಹರಿಯಬೇಕು, ಚರ್ಚಿನ ಜೋಡಿ ಗೋಪುರ ಕಾಣಬೇಕು ಎಂದು ಕಾಕಾನ ಆಸೆ. ಗಾಳಿ ಎಷ್ಟಿತ್ತೆಂದರೆ ಬಸವಪ್ರಸಾದನ ಕೈಯಲ್ಲಿದ್ದ ಹಾಳೆ ಹಾರಿ ಹೊಳೆಗೆ ಬಿತ್ತು. ಕಾಕಾನ ಹಲ್ಲು ಕಟಕಟ ಅನ್ನುತ್ತಿದ್ದವು.

“ಹೋಗ್ಲಿ ಬಿಡ್ರಿ, ನಮ್ಮ ಆಫೀಸ್ ಗೇಟ್ ಮುಂದ ನಿಂದರ್ಲ್ಯಾ?” ಎಂದು ಬಸವಪ್ರಸಾದನೇ ಕೇಳಿ, “ಅಲ್ಲೆ ಕ್ಯಾಮೆರಾ ತಗದ್ರ ನನ್ನ ಹೊರಗ ಹಾಕ್ತಾರ” ಎಂದು ತಾನೇ ಉತ್ತರ ಹೇಳಿಕೊಂಡ.

“ಹೊರಗ ಹಾಕಿದ್ರ ಊರಿಗೆ ಬಾ. ಕಾಲೇಜಿನಾಗ ಪ್ರಿನ್ಸಿಪಾಲ್ ಮಾಡತೇನಿ.”

“ಕಾಲೇಜ ಆಗೂದರೊಳಗ ನಾ ಮುದುಕ ಆಗಿರತೇನ್ರಿ.”

“ಮುದುಕರ ಸಂಖ್ಯಾ ಊರಾಗ ಅಷ್ಟೇನು ಕಡಿಮಿ ಇಲ್ಲ ಬಿಡು.”

ಮನೆಗೆ ಮರಳಿ ಮುಂದಿನ ಕೋಣೆಯಲ್ಲೇ ಹಿಡಿಯುವುದೆಂದಾಯಿತು. ಇಸ್ತ್ರಿ ಮೇಜು ತಂದು ನಿಲ್ಲಿಸಿ, ಅದರ ಮೇಲೆ ಅಕ್ಕಿಯ ಡಬ್ಬಿ, ಡಬ್ಬಿಯ ಮೇಲೆ ಕ್ಯಾಮೆರಾ ಇಟ್ಟರು. ಎದುರಿಗೆ ಸೋಫಾದಲ್ಲಿ ಬಸವಪ್ರಸಾದ. ಅವನು ಮದುವೆಯ ಕೋಟು ಹಾಕಿಕೊಂಡಿದ್ದ. ಕೆಳಗೆ ಪಾಯಜಾಮವೇ ಇತ್ತು. ಕಾಕಾ ಕ್ಯಾಮೆರಾದ ಹಿಂದೆ ಬಗ್ಗಿ ಏನೇನೋ ತಿರುಗಿಸಿದರು, ಒತ್ತಿದರು.

“ಚಾಲೂ ಮಾಡಿ ತಯಾರ ಇಟ್ಟೀನವ್ವಾ ಭೂಮಿ. ಇನ್ನ ನಾ ‘ಹೂಂ’ ಅಂದಾಗ ಈ ಕೆಂಪ ಗುಂಡಿ ಒತ್ತು. ಮುಗದಮ್ಯಾಲ ಮತ್ತ ಒತ್ತು. ಅಷ್ಟ. ನನ್ನ ಅಳ್ಯಾ ಇಷ್ಟ ಕಲಿಸ್ಯಾನ ನನಗ.”

“ಈ ಬದಿಗಿನ ಸ್ಕ್ರೀನ್ ತಗೀಲೇನ್ರಿ?”

“ಬ್ಯಾಡ, ಬ್ಯಾಟರಿ ತಿಂತೈತಿ ಅದು.”

ಕಾಕಾ ಬಸವಪ್ರಸಾದನ ಪಕ್ಕ ಹೋಗಿ ಕೂತು, ಶಾಲು ಸರಿಮಾಡಿಕೊಂಡು, “ಹೂಂ” ಎಂದರು. ಭೂಮಿಕಾ ಗುಂಡಿ ಒತ್ತಿದಳು.

“ನಮಸ್ಕಾರ. ನಾನು ಕೆಂಚನಹಾಳದ ಬಸವಪ್ರಸಾದ. ದೂರದ ಜರ್ಮನಿಯಿಂದ ಮಾತನಾಡುತ್ತಿದ್ದೇನೆ. ನಮ್ಮ ಗ್ರಾಮದ ಸರ್ವತೋಮುಖ ಅಭಿವೃದ್ಧಿಗೆ...” ಅಲ್ಲಿಗೆ ಅವನಿಗೆ ಕೆಮ್ಮು ಬಂತು. ಅವಳು ಮತ್ತೆ ಒತ್ತಿದಳು.

“ಏ, ವಾರ್ತಾ ಓದಬ್ಯಾಡೋ!” ಎಂದು ಕಾಕಾ ತೊಡೆ ತಟ್ಟಿದರು. “ಸರ್ವತೋಮುಖ ಅಂದ್ರ ನಮ್ಮ ಗಂಗವ್ವ ಮುದಿಕಿ ಎದ್ದ ಮನಿಗೆ ಹೊಕ್ಕಾಳ. ಮನ್ಯಾಗ ಮಾತಾಡಿದಂಗ ಮಾತಾಡು.”

“ಮನ್ಯಾಗ ಮಾತಾಡಿದಂಗಂದ್ರ ಖರೇ ಮಾತಾಡಬೇಕಾಗ್ತೈತ್ರಿ ಕಾಕಾ.”

“ಮಾತಾಡು. ಯಾರ ಬ್ಯಾಡ ಅಂದ್ರು?”

“ನಷ್ಟ ಇಲ್ಲ ಅಂತ ಹೇಳಂತ ಬರದೀರಿ. ಅಕ್ಕನ ಎಮ್ಮಿ ಎಲ್ಲಿ ಮೇಯಬೇಕು, ಅದನ್ನೂ ಬರೀಬೇಕಿಲ್ಲ?”

“ಎಮ್ಮಿ ಎಲ್ಲೆರ ಮೇಯತಾವೋ. ಹುಡುಗರು ಎಲ್ಲಿ ಮೇಯಬೇಕು? ನೀ ಇಲ್ಲೆ ಕೋಟ ಹಾಕ್ಕೊಂಡ ಕುಂತಿ. ಹಿಂದ ಇದ್ದಾವರು ಎಮ್ಮಿ ಹಿಂದ ತಿರಗಲೇನು?”

ಬಸವಪ್ರಸಾದ ಕೋಟಿನ ಕಾಲರು ಸರಿಮಾಡಿಕೊಂಡ. ಕಾಕಾ ಮತ್ತೆ “ಹೂಂ” ಎಂದರು. ಭೂಮಿಕಾ ಒತ್ತಿದಳು. ಈ ಸಲ ಅವನು ಅರ್ಧದಲ್ಲಿ ಮರೆತ, ಅವಳು ಮತ್ತೆ ಒತ್ತಿದಳು. ಮೂರನೆಯ ಸಲ ಗುಂಡಿ ಒತ್ತಿದಾಗ ಎಲ್ಲವನ್ನೂ ಸರಾಗವಾಗಿ ಹೇಳಿದ: ಕಾಲೇಜು ಬರಲಿ, ಗಾಯರಾಣ ಕೊಡುವುದರಿಂದ ಊರಿಗೆ ನಷ್ಟವಿಲ್ಲ, ಕಾಕಾರ ಕೈ ಬಲಪಡಿಸಿರಿ. ಕೊನೆಯ ಮಾತು ಹೇಳುವಾಗ ಅವನ ಕಣ್ಣು ಕ್ಯಾಮೆರಾ ಬಿಟ್ಟು ಗೋಡೆಯ ಕಡೆ ಹೋದದ್ದನ್ನು ಭೂಮಿಕಾ ಕಂಡಳು. ಗುಂಡಿ ಒತ್ತಿ, “ಚಹಾ ತರ್ಲೇನ್ರಿ?” ಎಂದು ಒಳಗೆ ಹೋದಳು.

ಚಹಾದ ಜೊತೆ ಮಾತು ಸಡಿಲವಾಯಿತು. ಕೆಲಸ ಮುಗಿದ ನೆಮ್ಮದಿಗೆ ಕಾಕಾ ಟೋಪಿ ತೆಗೆದು ತಲೆ ಕೆರೆದುಕೊಂಡರು. ಊರಿಗೆ ಸಂಜೆಯ ಬಸ್ಸು ಬೇಕೆಂದು ಹುಡುಗರೆಲ್ಲ ರಸ್ತೆಗೆ ಅಡ್ಡ ಮಲಗಿದ್ದ ಕತೆ ಬಂತು.

“ನಾವು ಮಲಗಿದ್ವಿ, ನೀವು ಪೊಲೀಸರ ಜೀಪಿನಾಗ ಬಂದ್ರಿ, ಎಬ್ಬಸಾಕ” ಎಂದು ಬಸವಪ್ರಸಾದ ನಕ್ಕ.

“ಬಂದೆ. ಆದರ ಜೀಪಿನಾಗ ಅವಲಕ್ಕಿ ಡಬ್ಬಿ ತಂದಿದ್ದೆ. ಅದನ್ನ ಯಾಕ ಹೇಳೂದಿಲ್ಲ? ತಿಂದ ಮಕ್ಕಳ!” ಕಾಕಾ ಕೂಡ ನಕ್ಕರು. ಆಮೇಲೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. “ಆಗ ಸಭಾ ಕರೀಬೇಕಂದ್ರ ನನಗ ನಿದ್ದಿ ಹತ್ತತಿರಲಿಲ್ಲ ಬಸ್ಯಾ. ನೀ ಕೇಳಾಂವ, ರವಿಶಂಕರ ಕೇಳಾಂವ, ಆ ಸಿದ್ದಯ್ಯನ ಮಗ ಕಾಗದಾ ಹಿಡಕೊಂಡ ಬರಾಂವ. ಭಾಳ ಸಿಟ್ಟ ಬರತಿತ್ತು. ಈಗ ಯಾರೂ ಕೇಳೂದಿಲ್ಲ. ನಾ ಏನ ಓದಿದರೂ ಕೈ ಎತ್ತತಾರ. ಹೋದ ಸಭಾದಾಗ ಒಂದ ಠರಾವು ತಪ್ಪ ಓದಿದೆ. ಅದಕ್ಕೂ ಕೈ ಎತ್ತಿದ್ರು. ಖರೇ ಹೇಳ್ತೇನಿ, ಹೆದರಿಕಿ ಬಂತು ನನಗ.”

“ಅಕ್ಕ ಕೇಳ್ತಾಳಲ್ರಿ.”

“ಅಕಿ ಒಬ್ಬಾಕಿ ಕೇಳತಾಳ. ಅಕಿ ಬಾಯಿ ಮುಚ್ಚಸಾಕ ಸಮುದ್ರ ದಾಟಿ ನಿನ್ನ ಬಾಯಿ ಒಯ್ಯಾಕ ಬಂದೀನಿ, ನೋಡು ನನ್ನ ಹಣೇಬಾರ!” ಕಾಕಾ ತಮ್ಮ ಮಾತಿಗೆ ತಾವೇ ನಕ್ಕರು, ನಗು ಬೇಗ ಆರಿತು. “ನಾ ಪಿ.ಯು.ಸಿ. ನಪಾಸಾದಾಂವ. ಪಾಸಾದಾವರೆಲ್ಲಾ ಹೋದ್ರಿ, ಅದಕ್ಕ ನಾ ಚೇರ್ಮನ್.”

“ಹಂಗ್ಯಾಕಂತೀರಿ ಕಾಕಾ.”

“ಕಾಲೇಜ ಯಾಕ ಬೇಕು ಅಂತ ಸಿದ್ದಕ್ಕ ಕೇಳತಾಳ. ಅಕಿಗೆ ಹೆಂಗ ಹೇಳ್ಲಿ? ಸಂಜಿಕ ಕಟ್ಟಿ ಮ್ಯಾಲ ಕುಂತ್ರ ಒಂದ ಹುಡುಗ ಕಾಣೂದಿಲ್ಲೋ. ಕಾಲೇಜ ಆದ್ರ ನಾಕ ವರ್ಷರ ಹುಡುಗರ ಗದ್ದಲ ಇರತೈತಿ. ಗದ್ದಲ ಬೇಕಾಗೈತಿ ನನಗ.”

“ಆಮ್ಯಾಲ ಅವರೂ ಹೋಗ್ತಾರ್ರಿ.”

“ಹೋಗತಾರ. ಮತ್ತ ಬ್ಯಾರೇವರು ಬರತಾರ.”

ಬಸವಪ್ರಸಾದ ಕೋಟಿನ ಗುಂಡಿ ಬಿಚ್ಚುತ್ತ ತಲೆ ತಗ್ಗಿಸಿ ಹೇಳಿದ. “ಒಂದ ಮಾತ ಹೇಳ್ಲೇನ್ರಿ? ಹಳ್ಳದ ಆಚೆ ಕಟ್ಟಿದರೂ ಗದ್ದಲ ಆಗ್ತೈತಿ. ಗಾಯರಾಣ ಬಿಡಸಬಾರದು ಅಂತ ಅನಸ್ತೈತಿ ನನಗ. ಆದರ ನನಗೇನ ಅನಸ್ತೈತಿ ಅನ್ನೂದನ್ನ ಬಿಡ್ರಿ. ಅಲ್ಲಿ ಇರಲಾರದಾಂವ ಹೇಳೂ ಮಾತಲ್ಲ ಇದು. ನೀವ ಕೇಳಿದ್ರಿ ಅಂತ ಹೇಳೀನಿ.”

ಕಾಕಾ ಅವನ ಬೆನ್ನ ಮೇಲೆ ಕೈಯಿಟ್ಟರು. “ಗೊತ್ತೈತಿ ಬಸ್ಯಾ” ಎಂದರು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಹೋಗಿ ಕ್ಯಾಮೆರಾದ ಸ್ವಿಚ್ಚು ತಿರುಗಿಸಿ ಡಬ್ಬಿಯಲ್ಲಿಟ್ಟರು.

ಭಾನುವಾರ ಬೆಳಗ್ಗೆ ಇಬ್ಬರೂ ಹೊಳೆಯ ಕಡೆ ತಿರುಗಾಡಲು ಹೋದರು. ಹೋಗುವಾಗ ಕಾಕಾ, “ಆ ಕ್ಯಾಮೆರಾ ಒಂದಿಷ್ಟ ಒರಸವ್ವಾ, ಕುಂಕುಮ ನನ್ನ ಧೋತರಕ್ಕೆಲ್ಲಾ ಹತ್ತೈತಿ” ಎಂದಿದ್ದರು.

ಭೂಮಿಕಾ ಹಸಿ ಬಟ್ಟೆಯಿಂದ ಮೆಲ್ಲನೆ ಒರೆಸಿದಳು. ಒಣಗಿದ ಕುಂಕುಮದ ಹೆಪ್ಪು ಬಿಟ್ಟಾಗ ಅದರಡಿ ಕಡಲೆಕಾಳಿನಷ್ಟು ಪುಟ್ಟ ಗಾಜು ಕಂಡಿತು. ಒಂದು ದೀಪ. ಇದು ಯಾತಕ್ಕೆ ಎಂದು ಸ್ವಿಚ್ಚು ತಿರುಗಿಸಿ, ಗುಂಡಿ ಒತ್ತಿ ನೋಡಿದಳು. ದೀಪ ಕೆಂಪಗೆ ಹೊತ್ತಿತು. ಮತ್ತೆ ಒತ್ತಿದಾಗ ಆರಿತು. ಚಿತ್ರ ಹಿಡಿಯುತ್ತಿರುವುದಕ್ಕೆ ಗುರುತು ಅದು; ನಿನ್ನೆ ಇಡೀ ದಿನ ಪೂಜೆಯ ಕುಂಕುಮದಡಿ ಮುಚ್ಚಿಕೊಂಡಿತ್ತು.

ಅವಳು ಬದಿಯ ಸ್ಕ್ರೀನು ತೆಗೆದು ಕ್ಯಾಸೆಟ್ಟನ್ನು ಹಿಂದಕ್ಕೆ ಓಡಿಸಿದಳು.

ಮೊದಲು ಕಾಕಾನ ಅಂಗೈ ಕಂಡಿತು, ಅದರ ಹಿಂದೆ ಅವರ ಮಾತು: ಚಾಲೂ ಮಾಡಿ ತಯಾರ ಇಟ್ಟೀನವ್ವಾ. ಆಮೇಲೆ ಇಬ್ಬರೂ ಸೋಫಾದಲ್ಲಿ. “ಹೂಂ.” ಅಷ್ಟಕ್ಕೆ ಚಿತ್ರ ಕಡಿದು, ಮರುಕ್ಷಣವೇ ಕಾಕಾ ತೊಡೆ ತಟ್ಟುತ್ತಿದ್ದರು. ವಾರ್ತಾ ಓದಬ್ಯಾಡೋ! ಕಾಕಾ ತಯಾರು ಮಾಡುವಾಗಲೇ ಗುಂಡಿ ಒತ್ತಿ ಚಾಲೂ ಮಾಡಿಬಿಟ್ಟಿದ್ದರು. ಆಮೇಲೆ ಅವಳು ಚಾಲೂ ಮಾಡಿದೆನೆಂದುಕೊಂಡಾಗ ಅದು ನಿಂತಿತ್ತು, ನಿಲ್ಲಿಸಿದೆನೆಂದುಕೊಂಡಾಗ ನಡೆದಿತ್ತು. ಭಾಷಣದ ಒಂದು ಸಾಲೂ ಅದರಲ್ಲಿರಲಿಲ್ಲ. ನಡುನಡುವಿನ ಮಾತು, ಚಹಾದ ಹೊತ್ತಿನ ಮಾತು, ಅವಲಕ್ಕಿ ಡಬ್ಬಿ, ತಪ್ಪು ಓದಿದ ಠರಾವು, ಗಾಯರಾಣ, ಎಲ್ಲವೂ ಇತ್ತು. ಅಂಗೈಯಗಲದ ಸ್ಕ್ರೀನಿನಲ್ಲಿ ಗಂಡ ತಲೆ ತಗ್ಗಿಸಿ ಮಾತಾಡುತ್ತಿದ್ದ. ಕಾಕಾನ ಕೈ ಅವನ ಬೆನ್ನ ಮೇಲೆ ಹೋಗುತ್ತಿತ್ತು.

ಭೂಮಿಕಾಳಿಗೆ ಮೊದಲು ನಗು ಬಂತು. ಒಬ್ಬಳೇ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಆಮೇಲೆ ಸ್ಕ್ರೀನು ಮುಚ್ಚಿದಳು.

ಹೇಳಬೇಕು. ಇದರಲ್ಲಿ ಯೋಚಿಸುವುದೇನಿದೆ? ರೈಲು ಮಧ್ಯಾಹ್ನಕ್ಕೆ, ಮತ್ತೊಮ್ಮೆ ಹಿಡಿಯಲು ಬೇಕಾದಷ್ಟು ಹೊತ್ತಿತ್ತು. ಹೇಳದಿದ್ದರೆ ಗುಡಿಯ ಮುಂದೆ, ಇಡೀ ಊರ ಎದುರು, ಕಾಕಾ ತಾನು ನಪಾಸಾದವನೆಂದು ಹೇಳಿಕೊಳ್ಳುತ್ತಾರೆ. ಬಸವಪ್ರಸಾದ ಪಾಯಜಾಮದಲ್ಲಿ ಕೂತು ಮನಸ್ಸು ಬಿಚ್ಚಿಡುತ್ತಾನೆ. ನಾಚಿಕೆಯ ಮಾತು. ಹೇಳಿದರೆ? ನಾಲ್ಕನೆಯ ಸಲ ಅವನು ಇನ್ನೂ ಸರಾಗವಾಗಿ ಹೇಳುತ್ತಾನೆ, ನಷ್ಟವಿಲ್ಲವೆಂದು. ಸಭೆಯಲ್ಲಿ ಕೂತ ಸಿದ್ದಕ್ಕ ಕಿವಿಯಿಲ್ಲದ ಆ ಮುಖದ ಎದುರು ಏಳುತ್ತಾಳೆ, ಕೂರುತ್ತಾಳೆ.

ಆದರೆ ತಾನು ಸುಮ್ಮನಿರುವುದೂ ದೂರದಲ್ಲಿ ಕೂತು ಊರಿನ ಮೇಲೆ ಕೈ ಇಟ್ಟ ಹಾಗೇ ಅಲ್ಲವೇ? ಈ ಪ್ರಶ್ನೆ ಅವಳನ್ನು ಬಹಳ ಹೊತ್ತು ಹಿಡಿದು ಕೂರಿಸಿತು. ಕ್ಯಾಸೆಟ್ಟಿಗೆ ತಾನೊಂದು ಮಾತು ಸೇರಿಸಿಲ್ಲ, ಒಂದನ್ನೂ ಅಳಿಸಿಲ್ಲ. ಅದರಲ್ಲಿರುವುದು ಅವರಿಬ್ಬರದೇ ಮಾತು. ಅದನ್ನು ನೋಡಿಯೂ ಊರು ಗಾಯರಾಣ ಕೊಡುವುದಾದರೆ ಕೊಡಲಿ. ಹೀಗೆ ತನಗೆ ತಾನೇ ಹೇಳಿಕೊಂಡಳು, ಪೂರ್ತಿ ಒಪ್ಪಿಗೆಯಾಗಲಿಲ್ಲ.

ಬಾಗಿಲ ಗಂಟೆಯ ಸದ್ದಾಯಿತು. ಕ್ಯಾಮೆರಾ ಡಬ್ಬಿಗೆ ಹೋಯಿತು.

“ಹೊಳೀದಂಡಿಗೆ ಎಂಥಾ ಹುಲ್ಲವ್ವಾ ಭೂಮಿ! ಒಂದ ದನಾ ಇಲ್ಲ. ನಾಯಿ ಅಡ್ಡಾಡಸಾಕ ಬಿಟ್ಟಾರಂತ” ಎನ್ನುತ್ತ ಕಾಕಾ ಒಳಗೆ ಬಂದರು. ಬೂಟು ಬಿಚ್ಚುತ್ತ ಬಸವಪ್ರಸಾದ ಕೇಳಿದ, “ಭೂಮಿ, ನಿನ್ನೆ ಹಿಡದದ್ದು ಸರಿ ಬಂದೈತಿಲ್ಲ? ನೋಡಿದೇನು?”

ಈಗ ಹೇಳಬೇಕಿತ್ತು. ಅವಳು ಜರ್ಮನ್ ತರಗತಿಯಲ್ಲಿ ವಾಕ್ಯ ಜೋಡಿಸುವಂತೆ ಒಂದೊಂದೇ ಪದ ಆರಿಸಿಕೊಂಡಳು.

“ನೋಡೀನ್ರಿ. ಮಾತೆಲ್ಲಾ ಸ್ಪಷ್ಟ ಕೇಳತಾವ.”

“ನಾ ಹೆಂಗ ಕಾಣತೇನಿ?” ಎಂದರು ಕಾಕಾ.

“ನೀವ ಇದ್ದಂಗ ಕಾಣತೀರಿ ಕಾಕಾ.”

“ಹಂಗಾರ ಛಲೋ ಕಾಣತಿರಬೇಕು” ಎಂದು ಕಾಕಾ ಊಟಕ್ಕೆ ಕೂತರು. ಅವರು ಬೇಡಿದರೂ ಭೂಮಿಕಾ ಶಿರಾ ಬಡಿಸಲಿಲ್ಲ.

ಬಾನ್‌ಹೋಫಿನಲ್ಲಿ, ಅಂದರೆ ರೈಲು ನಿಲ್ದಾಣದಲ್ಲಿ, ಬಸವಪ್ರಸಾದ ಟಿಕೆಟ್ಟಿನ ಯಂತ್ರದ ಮುಂದೆ ನಿಂತಾಗ ಪ್ಲಾಟ್‌ಫಾರ್ಮಿನಲ್ಲಿ ಇವರಿಬ್ಬರೇ ಉಳಿದರು. ಕಾಕಾ ಕರಿಯ ಡಬ್ಬಿಯನ್ನು ಮಗುವಿನಂತೆ ಎದೆಗೆ ಒರಗಿಸಿಕೊಂಡಿದ್ದರು.

“ಸಿದ್ದಕ್ಕ ನನ್ನ ಮ್ಯಾಲ ಸಿಟ್ಟಾಗತಾಳ, ಅಲ್ಲವ್ವಾ?”

“ನಿಮಗ ಸಿಹಿ ಕೊಡಬ್ಯಾಡ ಅಂತ ಎರಡ ಸಲ ಹೇಳ್ಯಾರ.”

ಕಾಕಾ ಹಳಿಗಳ ಕಡೆ ನೋಡಿದರು. “ಅಕಿ ಇಲ್ಲದ ಸಭಾ ಸಭಾನ ಅಲ್ಲ. ನನಗ ಗೊತ್ತೈತಿ ಅದು. ಯಾರ ಮುಂದೂ ಹೇಳಾಂವಲ್ಲ ನಾ.”

ಆ ಮಾತು ಕೇಳಿ ಭೂಮಿಕಾಳಿಗೆ ಎಲ್ಲವನ್ನೂ ಹೇಳಿಬಿಡುವ ಮನಸ್ಸಾಯಿತು. ಬಾಯಿ ತೆರೆದಳು ಕೂಡ. ಅಷ್ಟರಲ್ಲಿ ಬಸವಪ್ರಸಾದ ಟಿಕೆಟ್ಟು ಹಿಡಿದು ಓಡಿ ಬಂದ, ರೈಲೂ ಬಂತು. ಫ್ರೈಸಿಂಗಿನಲ್ಲಿ ಇಳಿಯಬೇಕು, ಅಲ್ಲಿಂದ ವಿಮಾನ ನಿಲ್ದಾಣದ ಬಸ್ಸು, ತಂಡದವರು ಅಲ್ಲಿ ಕಾಯುತ್ತಿರುತ್ತಾರೆ ಎಂದು ಅವನು ಹೇಳಿದ್ದನ್ನೇ ಹೇಳಿದ. ಕಾಕಾ ಇಬ್ಬರ ತಲೆಯ ಮೇಲೂ ಕೈಯಿಟ್ಟು ಹತ್ತಿದರು. ಕಿಟಕಿಯಾಚೆ ಅವರ ಬಾಯಿ ಆಡುತ್ತಿತ್ತು. ಗಾಜಿನಿಂದಾಗಿ ಏನೂ ಕೇಳಲಿಲ್ಲ.

ಇಬ್ಬರೂ ಮನೆಯ ಕಡೆ ನಡೆದರು. ಅಂಗಡಿಗಳೆಲ್ಲ ಮುಚ್ಚಿದ್ದವು. ರಸ್ತೆಯಲ್ಲಿ ಬಿದ್ದ ಹಳದಿ ಎಲೆ ಕಾಲಿಗೆ ತೊಡರುತ್ತಿತ್ತು.

“ನಾ ಹಂಗ ಹೇಳಬಾರದಿತ್ತು ಭೂಮಿ” ಎಂದ ಬಸವಪ್ರಸಾದ. “ಅಕ್ಕ ಮುಂದ ಕುಂತಿರತಾಳ. ಎಲ್ಲಾರೂ ಅಕಿ ಮಾರಿ ನೋಡತಾರ. ತಮ್ಮನ ಹಿಂಗ ಅಂದಾನಂತ. ನಾನು ಇಲ್ಲೆ ಆರಾಮ ಇರತೇನಿ.” ಅವನು ಎಲೆಯೊಂದನ್ನು ಕಾಲಿನಿಂದ ತಳ್ಳಿದ. “ಇಲ್ಲಿ ಇರಾಕ ಕೊಟ್ಟ ಐದು ವರ್ಷದ ಕಾರ್ಡ್ ಮುಗದಮ್ಯಾಲ ಎಲ್ಲಿ ಇರತೇನೋ ನನಗ ಗೊತ್ತಿಲ್ಲ. ಊರ ಗಾಯರಾಣ ಹಂಚಾಂವ ನಾ ಯಾರು?”

ಒಂದೇ ಒಂದು ವಾಕ್ಯ ಹೇಳಿದರೆ ಅವನ ಎದೆಯ ಭಾರ ಇಳಿಯುತ್ತಿತ್ತು. ಆದರೆ ಅವನು ಎಂಥವನೆಂದು ಅವಳಿಗೆ ಗೊತ್ತು. ತಿಳಿದ ಗಳಿಗೆಯಲ್ಲೇ ನಗುತ್ತಾನೆ, ಆಮೇಲೆ ಕಾಕಾ ನಾಚಿಕೆಗೀಡಾಗುತ್ತಾರೆಂದು ಕಂಗಾಲಾಗುತ್ತಾನೆ, ಇಂದು ರಾತ್ರಿಯೇ ಫೋನು ಹಚ್ಚುತ್ತಾನೆ. ಕ್ಯಾಸೆಟ್ಟು ಡಬ್ಬಿಯಲ್ಲೇ ಉಳಿಯುತ್ತದೆ. ಅದರ ಬದಲು ಫೋನಿನಲ್ಲಿ ಹೇಳು ಎಂದು ಕಾಕಾ ಕೇಳುತ್ತಾರೆ, ಇವನು ಹೇಳುತ್ತಾನೆ.

ಸಿದ್ದಕ್ಕನಿಗೂ ಹೇಳುವ ಹಾಗಿಲ್ಲ. ತಮ್ಮನ ಬಾಯಿ ಕಟ್ಟಿ ಗೆಲ್ಲಲಾರೆ ಎಂದವಳು, ತಮ್ಮ ಬಾಯಿ ಬಿಟ್ಟದ್ದನ್ನು ಉಳಿದವರ ಜೊತೆ ಕೂತು ತಾನೇ ಕೇಳಲಿ.

ಭೂಮಿಕಾ ಗಂಡನ ತೋಳಿನೊಳಗೆ ಕೈ ಸೇರಿಸಿದಳು. ಬೀದಿಯಲ್ಲಿ ಅವಳು ಎಂದೂ ಹಾಗೆ ಮಾಡಿದವಳಲ್ಲ. ಅವನು ಅಚ್ಚರಿಯಿಂದ ನೋಡಿದ.

“ಏನಾತು?”

“ಏನಿಲ್ರಿ. ಚಳಿ” ಎಂದಳು. ಕ್ಯಾಸೆಟ್ಟಿನ ಮಾತು ತನ್ನಿಂದ ಯಾರಿಗೂ ತಿಳಿಯಬಾರದು ಎಂದು ಅಷ್ಟರಲ್ಲೇ ನಿರ್ಧರಿಸಿಕೊಂಡಿದ್ದಳು. ಗಂಡನಿಗೂ.